ಮುಂದಿನ ಡಿಫರೆನ್ಷಿಯಲ್‌ನ ಸದ್ದು: ಹಳ್ಳ ದಾಟುವ ಜೀಪಿನವರಿಗೆ
(ಮಳೆಗಾಲಕ್ಕೆ ಮುನ್ನ ಜೀಪು ಮಾಲೀಕರು ಮತ್ತು ಚಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಜೀಪು ಶೋಕಿಯ ವಾಹನವಲ್ಲ. ಮೂಡಿಗೆರೆ, ಕಳಸ, ಸಕಲೇಶಪುರ, ತೀರ್ಥಹಳ್ಳಿಗಳ ಒಳಭಾಗದಲ್ಲಿ ಡಾಂಬರು ಮುಗಿದಲ್ಲಿಂದ ಮನೆಯಂಗಳದವರೆಗಿನ ದಾರಿಯನ್ನು ಮಳೆಗಾಲದಲ್ಲಿ ಕ್ರಮಿಸಬಲ್ಲುದು ಬಹುಮಟ್ಟಿಗೆ ಅದೊಂದೇ. ಗೊಬ್ಬರದ ಮೂಟೆಗೂ ಅದೇ, ಶಾಲೆಯ ಮಕ್ಕಳಿಗೂ ಅದೇ, ನಡುರಾತ್ರಿ ಹೆರಿಗೆನೋವು ಕಾಣಿಸಿಕೊಂಡ ಹೆಣ್ಣುಮಗಳಿಗೂ ಅದೇ. ಮಹೀಂದ್ರ ಸಂಸ್ಥೆ 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ವಂಶದ ವಾಹನಗಳಲ್ಲಿ ಹಲವು, ಅವುಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾದ ಮೇಲೂ, ಈ ಗುಡ್ಡಗಳಲ್ಲಿ ದುಡಿಯುತ್ತಿವೆ. ಅವುಗಳ ಹೊಗೆಯ ಪ್ರಶ್ನೆ ಬೇರೆ. ಅದು ಇನ್ನೊಂದು ದಿನದ ಚರ್ಚೆ. ಇಂದಿನ ವಿಷಯ ಅವುಗಳ ಮುಂದಿನ ಆಕ್ಸಲ್‌ನಿಂದ ಬರುವ ಸದ್ದು.

ಈ ಸದ್ದಿನ ವಿಚಾರದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಮೊದಲನೆಯದು ಅಲಕ್ಷ್ಯ. ವರ್ಷದ ಬಹುಪಾಲು ದಿನ ಫೋರ್ ವೀಲ್ ಹಾಕುವ ಪ್ರಸಂಗವೇ ಇರುವುದಿಲ್ಲವಾದ್ದರಿಂದ ಮುಂದಿನ ಡಿಫರೆನ್ಷಿಯಲ್ ಕೆಲಸವೇ ಮಾಡುತ್ತಿಲ್ಲವೆಂದು ಚಾಲಕನು ಭಾವಿಸುತ್ತಾನೆ. ಇದು ನಿಜವಲ್ಲ. ಲಾಕಿಂಗ್ ಹಬ್ ಇಲ್ಲದ ಜೀಪಿನಲ್ಲಿ ಮುಂದಿನ ಗಾಲಿಗಳು ಉರುಳಿದಷ್ಟೂ ಆಕ್ಸಲ್ ಶಾಫ್ಟ್, ಕ್ರೌನ್, ಪಿನಿಯನ್ ಎಲ್ಲವೂ ತಿರುಗುತ್ತಲೇ ಇರುತ್ತವೆ. ಹೊರೆ ಇರುವುದಿಲ್ಲ, ಅಷ್ಟೆ. ಬೇರಿಂಗ್ ಸವೆದು ಪಿನಿಯನ್ ಸಿಕ್ಕಿಕೊಂಡರೆ ಟೂ ವೀಲ್‌ನಲ್ಲಿಯೇ ಮುಂದಿನ ಗಾಲಿಗಳು ಬಿಗಿದು, ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳದಂತಾಗುತ್ತದೆ. ಎರಡನೆಯ ತಪ್ಪು ಆತುರ. ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯುವ ಮೊದಲೇ ಹೌಸಿಂಗ್ ಬಿಚ್ಚಿಸಿ, ಚೆನ್ನಾಗಿದ್ದ ಕ್ರೌನ್ ಪಿನಿಯನ್ನನ್ನು ಕದಲಿಸಿ, ಇಲ್ಲದ ರೋಗವನ್ನು ಬರಿಸಿಕೊಂಡವರು ಕಡಿಮೆಯಿಲ್ಲ. ಒಮ್ಮೆ ಸರಿಯಾಗಿ ಕೂತ ಹಲ್ಲುಗಳನ್ನು ಕಾರಣವಿಲ್ಲದೆ ಬಿಚ್ಚಬಾರದು.

ಆದುದರಿಂದ ಸ್ಪ್ಯಾನರ್‌ಗಿಂತ ಮೊದಲು ಕಿವಿಯನ್ನು ಬಳಸತಕ್ಕದ್ದು.

ಮೊಟ್ಟಮೊದಲು ಅನುಮಾನಿಸಬೇಕಾದುದು ಟಯರನ್ನು. ಕೆಸರಿಗೆಂದು ಹಾಕಿಸಿದ ದಪ್ಪ ಗುಬ್ಬಿಯ ಟಯರು ಡಾಂಬರಿನ ಮೇಲೆ ಊಳಿಡುತ್ತದೆ, ಆ ಊಳು ಡಿಫರೆನ್ಷಿಯಲ್‌ನ ಕೊರೆತವನ್ನೇ ಹೋಲುತ್ತದೆ. ಅದೇ ವೇಗದಲ್ಲಿ ಡಾಂಬರಿನಿಂದ ಮಣ್ಣಿನ ರಸ್ತೆಗೆ ಇಳಿದಾಗ ಸದ್ದಿನ ಗುಣವೇ ಬದಲಾದರೆ ದೋಷ ಟಯರಿನದು. ಆಕ್ಸಲ್‌ನೊಳಗಿನ ಹಲ್ಲಿಗೆ ರಸ್ತೆಯ ಪರಿವೆಯಿಲ್ಲ. ಎರಡನೆಯದು ಗಾಲಿಯ ಬೇರಿಂಗ್. ನೇರ ರಸ್ತೆಯಲ್ಲಿ ಗುಂಯ್‌ಗುಡುತ್ತಿದ್ದ ಸದ್ದು ಎಡ ತಿರುವಿನಲ್ಲಿ ಏರಿ ಬಲ ತಿರುವಿನಲ್ಲಿ ಇಳಿದರೆ, ಭಾರ ಬೀಳುವ ಬಲಗಡೆಯ ಗಾಲಿಯನ್ನು ಜ್ಯಾಕ್ ಮೇಲೆ ಎತ್ತಿ ಅಲುಗಾಡಿಸಿ ನೋಡಬೇಕು. ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ಮುರಿದಾಗ, ಅದೂ ಫೋರ್ ವೀಲ್ ಹಾಕಿದಾಗ, ಕಟಕಟ ಎಂದರೆ ಅದು ಗಾಲಿಯ ಬಳಿಯ ಜಾಯಿಂಟಿನ ಕೆಲಸ. ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸುವಾಗ ಒಮ್ಮೆ ಮಾತ್ರ ಢಕ್ ಎಂದರೆ ಮೊದಲು ಪ್ರೊಪೆಲರ್ ಶಾಫ್ಟಿನ ಕ್ರಾಸ್‌ಗಳನ್ನು ಕೈಯಿಂದ ತಿರುಚಿ ಪರೀಕ್ಷಿಸಬೇಕು. ಕ್ರಾಸ್ ಬಿಗಿಯಾಗಿದ್ದೂ ಢಕ್ ನಿಲ್ಲದಿದ್ದರೆ ಮಾತ್ರ ಒಳಗಿನ ಸ್ಪೈಡರ್ ಗೇರುಗಳ ವಾಷರ್ ಸವೆದಿರಬಹುದು.

ಇವೆಲ್ಲ ಕಳೆದ ಮೇಲೆ ಉಳಿಯುವ ಸದ್ದನ್ನು ಪತ್ತೆಹಚ್ಚಲು ಒಂದು ಸುಲಭವಾದ ಪರೀಕ್ಷೆಯುಂಟು. ಲಾಕಿಂಗ್ ಹಬ್ ಇರುವ ಜೀಪಿನಲ್ಲಿ ಎರಡೂ ಹಬ್‌ಗಳನ್ನು ಬಿಡಿಸಿ ಟೂ ವೀಲ್‌ನಲ್ಲಿ ಓಡಿಸಬೇಕು. ಆಗ ಗಾಲಿಗಳು ಮಾತ್ರ ಉರುಳುತ್ತವೆ, ಡಿಫರೆನ್ಷಿಯಲ್ ಮಲಗಿರುತ್ತದೆ. ಸದ್ದು ನಿಂತರೆ ಕಳ್ಳ ಒಳಗಿದ್ದಾನೆ, ನಿಲ್ಲದಿದ್ದರೆ ಹೊರಗಿದ್ದಾನೆ. ಹಬ್ ಇಲ್ಲದ ಹಳೆಯ ಜೀಪಿನಲ್ಲಿ ಗಾಲಿಯ ನಡುವಿನ ಡ್ರೈವ್ ಫ್ಲಾಂಜನ್ನು ಬಿಚ್ಚಿ, ಧೂಳು ಹೋಗದಂತೆ ಮುಚ್ಚಿ, ಮೆಲ್ಲಗೆ ಸ್ವಲ್ಪ ದೂರ ಓಡಿಸಿದರೆ ಅದೇ ಫಲ ದೊರೆಯುತ್ತದೆ. ಅನಂತರ ಮುಂದಿನ ಪ್ರೊಪೆಲರ್ ಶಾಫ್ಟನ್ನೂ ಬಿಚ್ಚಿ ಓಡಿಸಿ ನೋಡಿದರೆ ದೋಷ ಶಾಫ್ಟಿನದೋ ಆಕ್ಸಲ್‌ನದೋ ಎಂಬುದೂ ಇತ್ಯರ್ಥವಾಗುತ್ತದೆ. ಈ ಎರಡು ಪರೀಕ್ಷೆಗಳಿಗೆ ಒಂದು ಮಧ್ಯಾಹ್ನ ಸಾಕು.

ದೋಷ ಒಳಗೇ ಇದೆಯೆಂದಾದರೆ ಲೆಕ್ಕ ಹಾಕುವ ಕೆಲಸ ಬರುತ್ತದೆ. ಸಿ.ಜೆ. 3ಬಿ ಮಾದರಿಯ ಜೀಪಿನ ಕ್ರೌನ್‌ನಲ್ಲಿ 43 ಹಲ್ಲುಗಳು, ಪಿನಿಯನ್‌ನಲ್ಲಿ 8. ಎಂದರೆ ಗಾಲಿ ಒಂದು ಸುತ್ತು ಸುತ್ತುವಾಗ ಪಿನಿಯನ್ ಐದೂಕಾಲಿಗಿಂತ ತುಸು ಹೆಚ್ಚು ಸುತ್ತುತ್ತದೆ. ಮುಂದಿನ ಎರಡೂ ಗಾಲಿಗಳನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಎತ್ತಿ, ಲಿವರನ್ನು ಟೂ ವೀಲ್‌ನಲ್ಲಿಟ್ಟು, ಮುಂದಿನ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಶಾಫ್ಟಿನ ಪ್ರತಿಯೊಂದು ಸುತ್ತಿಗೂ ಒಂದು ತಡೆ ಸಿಕ್ಕಿದರೆ ಪಿನಿಯನ್ನಿನ ಹಲ್ಲಿಗೆ ಪೆಟ್ಟಾಗಿದೆ. ಐದಾರು ಸುತ್ತಿಗೊಮ್ಮೆ ತಡೆ ಸಿಕ್ಕಿದರೆ ಕ್ರೌನ್‌ನಲ್ಲಿ ಒಂದು ಹಲ್ಲು ಮುಕ್ಕಾಗಿದೆ. ತಡೆಯಿಲ್ಲದೆ ಉದ್ದಕ್ಕೂ ಮರಳು ಅರೆದಂತಾದರೆ ಬೇರಿಂಗ್‌ಗಳು ಕೆಟ್ಟಿವೆ. ಪಿನಿಯನ್ ಫ್ಲಾಂಜನ್ನು ಹಿಡಿದು ಹಿಂದೆ ಮುಂದೆ ಎಳೆದಾಗ ಅಲುಗಿದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆಯೆಂದೇ ಅರ್ಥ. ಅಂಥ ಜೀಪನ್ನು ಮತ್ತೆ ಘಾಟಿಗೆ ಇಳಿಸಬಾರದು.

ಇನ್ನು ಮಲೆನಾಡಿನಲ್ಲಿ ಈ ಬೇರಿಂಗ್‌ಗಳು ಅಕಾಲದಲ್ಲಿ ಕೆಡುವುದೇಕೆ? ಭಾರ, ಕಲ್ಲು, ಏರು ಇವೆಲ್ಲ ಕಾರಣಗಳೇ. ಆದರೆ ಮುಖ್ಯ ಕಾರಣ ನೀರು. ಏರು ಹತ್ತಿ ಬಂದ ಜೀಪಿನ ಆಕ್ಸಲ್ ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿಯೂ ಹಿಗ್ಗಿರುತ್ತದೆ. ಆ ಬಿಸಿ ಆಕ್ಸಲ್ ಹಳ್ಳದ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನ ಸಣ್ಣ ರಂಧ್ರದಿಂದಲೋ ಹಳೆಯ ಸೀಲಿನ ತುಟಿಯಿಂದಲೋ ನೀರನ್ನು ಒಳಗೆ ಹೀರುತ್ತದೆ. ದಿನಕ್ಕೆ ಎರಡು ಸಲ ಹಳ್ಳ ದಾಟುವ ಜೀಪು ಪ್ರತಿ ಸಲ ಒಂದೊಂದು ಗುಟುಕು ಕುಡಿದರೂ ಶ್ರಾವಣದ ಹೊತ್ತಿಗೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಆಯಿಲ್ ಹಲ್ಲಿನ ಮೇಲೆ ಪದರವಾಗಿ ನಿಲ್ಲುವುದಿಲ್ಲ. ಬೇರಿಂಗ್‌ನ ರೋಲರುಗಳಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಚುಕ್ಕೆಯಿಂದ ಸದ್ದು, ಸದ್ದಿನ ಬೆನ್ನಿಗೆ ಸಡಿಲ, ಸಡಿಲದಿಂದ ಪಿನಿಯನ್ ಜಾಗ ತಪ್ಪಿ ಕೊನೆಗೆ ಕ್ರೌನ್ ಪಿನಿಯನ್ ಎರಡೂ ಹಾಳು. ಬ್ರೀದರ್‌ಗೆ ಒಂದು ರಬ್ಬರ್ ನಳಿಕೆ ಜೋಡಿಸಿ ಅದರ ತುದಿಯನ್ನು ಇಂಜಿನ್ ಕೋಣೆಯ ಎತ್ತರಕ್ಕೆ ಒಯ್ದಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ಬೀಳುತ್ತಿರಲಿಲ್ಲ. ಕೆಸರು ಮೆತ್ತಿ ಬ್ರೀದರ್ ಮುಚ್ಚಿಹೋಗಿರುವುದೂ ಉಂಟು. ಆಗ ಬಿಸಿಗಾಳಿಯ ಒತ್ತಡಕ್ಕೆ ಸೀಲುಗಳೇ ಸೋರುತ್ತವೆ. ಗಾಲಿಯ ಬಳಿಯ ಗುಂಡಿನಿಂದ ತೆಳ್ಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಒಳ ಸೀಲು ಹೋಗಿ ಡಿಫರೆನ್ಷಿಯಲ್‌ನ ಆಯಿಲ್ ಹೊರಟಿದೆಯೆಂದು ತಿಳಿಯಬೇಕು.

ನೀರು ಸೇರಿದೆಯೇ ಎಂದು ನೋಡಲು ಜೀಪನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಎಬ್ಬಿಸುವ ಮೊದಲೇ ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸಬೇಕು. ನೀರು ಆಯಿಲ್‌ಗಿಂತ ಭಾರವಾದ್ದರಿಂದ ಬೇರ್ಪಟ್ಟ ನೀರು ಮೊದಲು ಹನಿಯುತ್ತದೆ. ಡ್ರೈನ್ ಪ್ಲಗ್ ಇಲ್ಲದ ಹೌಸಿಂಗ್‌ನಲ್ಲಿ ತುಂಬುವ ಪ್ಲಗ್ ಬಿಚ್ಚಿ ಬೆರಳಾಡಿಸಿ ಬಣ್ಣ ನೋಡಬಹುದು. ಬೆರಳಿಗೆ ಬೂದುಬಣ್ಣದ ನುಣ್ಣನೆಯ ಹುಡಿ ಹತ್ತಿದರೆ ಅದು ಸಹಜ ಸವೆತ. ಚಕ್ಕೆಯೋ ಸೂಜಿಯಂಥ ಚೂರೋ ಸಿಕ್ಕಿದರೆ ಹೌಸಿಂಗ್ ಬಿಚ್ಚದೆ ಗತ್ಯಂತರವಿಲ್ಲ.

ಬಿಚ್ಚುವಾಗ ಪಾಲಿಸಬೇಕಾದ ಶಿಸ್ತು ದೊಡ್ಡದು. ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆಯದೆ ಕ್ರೌನ್ ಹೊರಬರುವುದಿಲ್ಲ. ಹಾಗೆ ಎಳೆದಾಗಲೆಲ್ಲ ಒಳ ಸೀಲುಗಳನ್ನು ಹೊಸದಾಗಿ ಹಾಕುವುದು ಲೇಸು. ಬೇರಿಂಗ್ ಕ್ಯಾಪುಗಳಿಗೆ ಎಡ ಬಲಗಳ ಗುರುತು ಹಾಕಿಯೇ ತೆಗೆಯಬೇಕು, ಅದಲುಬದಲಾದರೆ ಹೊಸ ಬೇರಿಂಗ್ ಕೂಡ ನಿಲ್ಲದು. ಯಾವ ಬದಿಯಿಂದ ಎಷ್ಟು ಶಿಮ್ ಬಂತೆಂಬುದನ್ನು ಬರೆದಿಡಬೇಕು. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೊತೆಯಾಗಿಯೇ ಅರೆದು ಹೊಂದಿಸಿದ ಜೋಡಿ. ಹಳೆಯ ಕ್ರೌನ್‌ಗೆ ಗುಜರಿಯ ಪಿನಿಯನ್ ಕೂಡಿಸಿದರೆ ಆ ಜೋಡಿ ಬಾಳುವುದಿಲ್ಲ. ಹಲ್ಲುಗಳ ನಡುವಿನ ಬ್ಯಾಕ್‌ಲ್ಯಾಷ್ ಈ ಬಗೆಯ ಆಕ್ಸಲ್‌ಗಳಲ್ಲಿ ಇಂಚಿನ ಸಾವಿರದ ಐದರಿಂದ ಹತ್ತು ಭಾಗ, ಅಂದರೆ ಸುಮಾರು 0.13ರಿಂದ 0.25 ಮಿಲಿಮೀಟರ್ ಇರಬೇಕು. ಇದನ್ನು ಡಯಲ್ ಗೇಜ್ ಹೇಳಬೇಕೇ ಹೊರತು ಮೇಸ್ತ್ರಿಯ ಹೆಬ್ಬೆರಳಲ್ಲ. ಪಿನಿಯನ್ ಬೇರಿಂಗ್‌ನ ಬಿಗಿಯನ್ನು ಅಳೆಯಲು ಬೆಲೆಬಾಳುವ ಉಪಕರಣ ಇಲ್ಲದಿದ್ದರೂ ಫ್ಲಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುವ ಹಳೆಯ ಕ್ರಮ ಇಂದಿಗೂ ನಡೆಯುತ್ತದೆ.

ಕೊನೆಗೆ ಹಲ್ಲುಗಳಿಗೆ ಬಣ್ಣ ಸವರಿ, ತಿರುಗಿಸಿ, ಅಚ್ಚು ನೋಡಬೇಕು. ಅಚ್ಚು ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ಹೆಚ್ಚು ಒಳಸರಿದಿದೆ, ತುದಿಯಲ್ಲಿ ಬಿದ್ದರೆ ಹೊರಗುಳಿದಿದೆ, ನಡುವಿನಲ್ಲಿ ಬಿದ್ದರೆ ಸರಿ. ಇಲ್ಲೊಂದು ಸೂಕ್ಷ್ಮವುಂಟು, ಅನುಭವಸ್ಥ ಮೇಸ್ತ್ರಿಗಳೂ ಇಲ್ಲಿ ಎಡವುತ್ತಾರೆ. ಹಿಂದಿನ ಆಕ್ಸಲ್‌ನಲ್ಲಿ ಜೀಪು ಮುಂದೆ ಹೋಗುವಾಗ ಹೊರೆ ಹೊರುವುದು ಕ್ರೌನ್ ಹಲ್ಲಿನ ಉಬ್ಬಿದ ಬದಿ. ಈ ಜೀಪುಗಳ ಮುಂದಿನ ಆಕ್ಸಲ್‌ನಲ್ಲಿ ಅದೇ ಹೊರೆ ತಗ್ಗಾದ ಬದಿಯ ಮೇಲೆ ಬೀಳುತ್ತದೆ. ಹಿಂದಿನದರ ಅಭ್ಯಾಸಬಲದಿಂದ ಉಬ್ಬಿದ ಬದಿಯ ಅಚ್ಚನ್ನಷ್ಟೇ ನೋಡಿ ಮುಚ್ಚಿದರೆ ಏರಿನಲ್ಲಿ ಸದ್ದು ಮರಳುತ್ತದೆ.

ಆಯಿಲ್ ವಿಚಾರದಲ್ಲಿ ಒಂದೆರಡು ಮಾತು. ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಉಜ್ಜುವುದರಿಂದ ಅವಕ್ಕೆ ಜಿ.ಎಲ್.-5 ದರ್ಜೆಯ ಗೇರ್ ಆಯಿಲ್ ಬೇಕು. ಅದೇ ಡಬ್ಬಿಯಿಂದ ಗೇರ್‌ಬಾಕ್ಸಿಗೂ ಸುರಿಯುವ ರೂಢಿ ಸಲ್ಲದು. ಅಲ್ಲಿನ ಹಿತ್ತಾಳೆಯ ರಿಂಗುಗಳಿಗೆ ಕೆಲವು ಜಿ.ಎಲ್.-5 ಆಯಿಲ್‌ಗಳು ಆಗಿಬರುವುದಿಲ್ಲ. ಹಳೆಯ ಜೀಪು ಮಾರುವವರು ಸದ್ದಡಗಿಸಲು ಡಿಫರೆನ್ಷಿಯಲ್‌ಗೆ ಮರದ ಹುಡಿಯನ್ನೋ ಬಾಳೆಹಣ್ಣನ್ನೋ ತುಂಬುವ ತಂತ್ರ ಗ್ಯಾರೇಜಿನವರಿಗೆಲ್ಲ ಗೊತ್ತಿರುವಂಥದು. ತೀರಾ ಸದ್ದಿಲ್ಲದ ಹಳೆಯ ಜೀಪನ್ನು ಕೊಳ್ಳುವವನು ಪ್ಲಗ್ ಬಿಚ್ಚಿ ಮೂಸಿ ನೋಡುವುದು ಒಳಿತು. ಫೋರ್ ವೀಲ್ ಹಾಕಿಕೊಂಡು ಡಾಂಬರಿನ ತಿರುವುಗಳಲ್ಲಿ ಓಡಿಸುವುದು ಇನ್ನೊಂದು ಕೆಟ್ಟ ಚಾಳಿ. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾದಾಗ ಆ ವ್ಯತ್ಯಾಸವನ್ನು ತಾಳಿಕೊಳ್ಳುವ ನಡು ಡಿಫರೆನ್ಷಿಯಲ್ ಈ ಜೀಪುಗಳಲ್ಲಿ ಇಲ್ಲ. ಕೆಸರಿನಲ್ಲಿ ಟಯರು ಜಾರಿ ಬಿಗುವು ಕಳೆಯುತ್ತದೆ, ಡಾಂಬರಿನಲ್ಲಿ ಅದು ಹಲ್ಲುಗಳ ಮೇಲೆಯೇ ಬೀಳುತ್ತದೆ. ಲಿವರ್ ಸಿಕ್ಕಿಕೊಂಡರೆ ಗುದ್ದಬಾರದು, ನೇರವಾಗಿ ನಾಲ್ಕು ಮಾರು ಹಿಂದಕ್ಕೆ ಓಡಿಸಿದರೆ ತಾನೇ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಈ ಪತ್ರಿಕೆಯ ಓದುಗರಿಗೆ ಸಹಜವಾಗಿ ತಟ್ಟುವ ಪ್ರಶ್ನೆಯೊಂದು ಉಳಿಯುತ್ತದೆ: ಹೊರತೆಗೆದ ಆಯಿಲ್ ಎಲ್ಲಿಗೆ ಹೋಗುತ್ತದೆ? ಮುಂದಿನ ಆಕ್ಸಲ್ ಒಂದರಲ್ಲಿ ಹಿಡಿಯುವುದು ಒಂದು ಲೀಟರಿಗಿಂತ ತುಸು ಹೆಚ್ಚು. ನೀರಿನ ಅನುಕೂಲಕ್ಕೆಂದು ಹಳ್ಳದ ದಡದಲ್ಲಿಯೇ ರಿಪೇರಿ ಮಾಡಿ, ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಉಳಿದುದನ್ನು ಅಲ್ಲಿಯೇ ಚೆಲ್ಲುವುದುಂಟು. ಬೇಲಿಗೂಟಕ್ಕೆ ಬಳಿಯುವುದು, ಗೆದ್ದಲಿಗೆ ಸುರಿಯುವುದು ಕೂಡ ಎರಡು ಮಳೆಗೆ ಹಳ್ಳ ಸೇರುವ ದಾರಿಯೇ. ಕುದುರೆಮುಖದ ಶ್ರೇಣಿಯಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಇಲ್ಲಿನ ಹಳ್ಳದಲ್ಲಿ ತೇಲಿದ ಆಯಿಲ್ ಪದರ ಮೊದಲು ಮೀನುಮರಿ, ಗೊದಮೊಟ್ಟೆಗಳ ಉಸಿರಿಗೆ ಅಡ್ಡಬರುತ್ತದೆ, ಬಳಿಕ ಕೆಳಗಿನ ಊರಿನ ಕುಡಿಯುವ ನೀರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದನ್ನು ಮರುಸಂಸ್ಕರಣೆಗೆ ಒಪ್ಪಿಸುವ ಹೊಣೆಯಲ್ಲಿ ಆಯಿಲ್ ತಯಾರಕರೂ ಪಾಲುದಾರರು. ಆದರೆ ಸಂಗ್ರಹಕಾರನು ಒಂದು ಲೀಟರಿಗಾಗಿ ಘಾಟಿ ಹತ್ತಿ ಬರಲಾರನು. ಊರಿಗೊಂದು ಗ್ಯಾರೇಜಿನಲ್ಲಿ ಮುಚ್ಚಳವಿರುವ ಒಂದು ಡ್ರಮ್ ಇಟ್ಟು, ಅದರಲ್ಲಿ ನೀರು, ಸೀಮೆಎಣ್ಣೆ, ಪೆಟ್ರೋಲು ಬೆರೆಯದಂತೆ ನೋಡಿಕೊಂಡು, ತುಂಬಿದಾಗ ಅಧಿಕೃತ ಸಂಗ್ರಹಕಾರರಿಗೆ ಕೊಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಹಾಲಿನಂತಾದ ಆಯಿಲ್‌ಗೆ ಬೇರೆ ಕ್ಯಾನ್ ಇರಲಿ.

ರಿಪೇರಿಯಾದ ಜೀಪನ್ನು ಮೊದಲ ದಿನವೇ ಹೊರೆ ಹೇರಿ ಏರಿಗೆ ಬಿಡಬಾರದು. ಹದಿನೈದು ಇಪ್ಪತ್ತು ಕಿಲೋಮೀಟರ್ ಹಗುರವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣಿಯುವವರೆಗೆ ನಿಲ್ಲಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಹೊಸ ಹಲ್ಲುಗಳು ಹೊಂದಿಕೊಳ್ಳುತ್ತವೆ. ಐನೂರು ಕಿಲೋಮೀಟರ್ ಆದ ಬಳಿಕ ಆ ಆಯಿಲನ್ನು ತೆಗೆದು ಹೊಸದನ್ನು ಹಾಕತಕ್ಕದ್ದು. ಮಳೆ ಹಿಡಿದು ಮೊದಲ ಸಲ ಹಳ್ಳ ದಾಟಿದ ಮರುದಿನ ಬೆಳಿಗ್ಗೆ ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ, ಮೊದಲು ಬೀಳುವ ಹನಿ ಯಾವುದೆಂದು ನೋಡಬೇಕು.