ಹಳೆ ಮಷೀನು ನಂಬ್ರಿ, ಹಳೆ ಕಲ್ಲು ನಂಬಬ್ಯಾಡ್ರಿ

ನಾನು ಮಾತಾಡ್ತಿರೋದು ದೇಗಾಂವದಿಂದ. ಇವತ್ತಿನ ಮಾತು ಒಂದು ಹಳೆ ಬೆಂಚ್ ಗ್ರೈಂಡರ್ ಬಗ್ಗೆ.

'ಗ್ರೈಂಡರ್ ತಂದೀನವ್ವಾ' ಅಂತ ಮನೆಯೊಳಗೆ ಬಂದಾಗ ಅವ್ವ ಅದನ್ನ ಸುತ್ತ ನೋಡಿ ಕೇಳಿದ್ದು ಒಂದೇ ಮಾತು: 'ಇದರಾಗ ದ್ವಾಸಿ ಹಿಟ್ಟು ಎಲ್ಲಿ ಹಾಕೂದೋ?'

ಇದು ಆ ಗ್ರೈಂಡರ್ ಅಲ್ರಿ. ನಡುವೆ ಮೋಟಾರು, ಎರಡೂ ಕಡೆ ಒಂದೊಂದು ಸಾಣಿಕಲ್ಲು. ಕುಡುಗೋಲು, ಕೊಡಲಿ, ಕುರ್ಪಿ, ಮೇವು ಕತ್ತರಿಸೋ ಮಷೀನಿನ ಬ್ಲೇಡು, ಎಲ್ಲಕ್ಕೂ ಸಾಣಿ ಹಿಡಿಯೋ ಯಂತ್ರ. ಕಬ್ಬಿನ ಸುಗ್ಗಿ ಹತ್ತಿರ ಬಂದಿತ್ತು. ಬೆಳಗಾವಿಯ ಒಂದು ಗುಜರಿ ಅಂಗಡಿಯಲ್ಲಿ 1,400 ರೂಪಾಯಿಗೆ ಸಿಕ್ತು. ಅಂಗಡಿಯವರು ಎರಡು ಸೆಕೆಂಡು ಓಡಿಸಿ ತೋರಿಸಿದರು. ತಿರುಗ್ತು. ನಾನು ರೊಕ್ಕ ಕೊಟ್ಟೆ.

ನಮ್ಮೂರಿಗೆ ಹೊರಗಿನವರು ಬರೋದು ಕಮಲನಾರಾಯಣ ಗುಡಿ ನೋಡೋಕೆ. 12ನೇ ಶತಮಾನದ್ದು, ಗೋವಾ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು. ಆ ಕೆತ್ತನೆ ನೋಡಿದಾಗೆಲ್ಲ ನನಗೊಂದು ವಿಚಾರ ಬರ್ತದೆ. ಇಷ್ಟು ಕಲ್ಲು ಕೆತ್ತಬೇಕಂದ್ರೆ ಉಳಿಗಳು ದಿನಾ ಮೊಂಡಾಗಿರಬೇಕು. ದಿನಾ ಯಾರೋ ಅವಕ್ಕೆ ಸಾಣಿ ಹಿಡಿದಿರಬೇಕು. ಸಾಣಿ ಅನ್ನೋದು ಕಣ್ಣಿಗೆ ಬೀಳದ ಕೆಲಸ. ತಪ್ಪಾದಾಗ ಮಾತ್ರ ಕಾಣ್ತದೆ. ನನ್ನ ತಪ್ಪು ಇನ್ನೊಂದು ನಿಮಿಷದಾಗ ಕಾಣೋದರಲ್ಲಿತ್ತು.

ಮನೆಗೆ ತಂದ ಸಂಜೆಯೇ ಕಟ್ಟೆ ಮೇಲೆ ಇಟ್ಟು ವೈರ್ ಜೋಡಿಸಿದೆ. ಅಣ್ಣನ ಮಗ, ಹತ್ತು ವರ್ಷದ ಹುಡುಗ, 'ಕಿಡಿ ಬರ್ತಾವೇನ್ ಕಾಕಾ?' ಅಂತ ಸರಿಯಾಗಿ ಕಲ್ಲಿನ ಎದುರಿಗೆ ಬಂದು ನಿಂತ. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದೆ. ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡೋ ಹಿರಿಯರೊಬ್ಬರು ಅದೇ ಹೊತ್ತಿಗೆ ಬಾಗಿಲಲ್ಲಿ ಬಂದರು. ಊರಿಗೆಲ್ಲ ಅವರು ಕಾಕಾನೇ.

'ತಡಿಯೋ ತಮ್ಮಾ. ಕಲ್ಲು ಬಾರಿಸಿ ನೋಡಿಯೇನು?'

'ಅಂಗಡ್ಯಾಗ ಓಡಿಸಿ ತೋರಿಸ್ಯಾರ್ರಿ ಕಾಕಾ.'

'ಓಡಿದ್ದು ಮೋಟಾರು. ನಾ ಕೇಳಿದ್ದು ಕಲ್ಲು.'

ಪ್ಲಗ್ ಕಿತ್ತು, ಎರಡೂ ಕಲ್ಲು ಬಿಚ್ಚಿಸಿದರು. ಇಲ್ಲಿ ಒಂದು ಗುಟ್ಟಿದೆ ನೋಡ್ರಿ. ಎದುರಿಗೆ ನಿಂತಾಗ ಬಲಗಡೆಯ ನಟ್ಟು ಎಲ್ಲಾ ನಟ್ಟಿನ ಹಾಗೆ ಬಿಚ್ತದೆ. ಎಡಗಡೆಯದು ಉಲ್ಟಾ. ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿದರೆ ಸಡಿಲಾಗ್ತದೆ. ಕಲ್ಲು ತಿರುಗುವಾಗ ನಟ್ಟು ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿರ್ತಾರೆ. ಇದು ಗೊತ್ತಿಲ್ಲದೆ ಜೋರು ಹಾಕಿದರೆ ಥ್ರೆಡ್ ಹೋಗ್ತದೆ.

ಕಾಕಾ ಒಣಗಿದ ಕಲ್ಲನ್ನ ಒಂದು ಬೆರಳಿಗೆ ನೇತು ಹಾಕಿ, ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ತಟ್ಟಿದರು. ಬಲಗಡೆಯ ಕಲ್ಲು 'ಠಣ್' ಅಂತು. ಎಡಗಡೆಯದು 'ದಬ್' ಅಂತು, ಒಡಕು ಗಡಿಗೆ ತಟ್ಟಿದ ಹಾಗೆ. ಧೂಳು ಒರೆಸಿ ಬೆಳಕಿಗೆ ಹಿಡಿದ್ವಿ. ನಡುವಿನ ತೂತಿನಿಂದ ಅಂಚಿನ ಕಡೆ ಕೂದಲಿನಷ್ಟು ಸಣ್ಣ ಬಿರುಕು.

ಲೆಕ್ಕ ಹಾಕ್ರಿ. ಕಲ್ಲಿನ ಅಗಲ 150 ಮಿಲಿಮೀಟರ್, ಅಂದ್ರೆ ಆರು ಇಂಚು. ಮೋಟಾರು ನಿಮಿಷಕ್ಕೆ 2,850 ಸುತ್ತು. ಆಗ ಕಲ್ಲಿನ ಅಂಚು ಓಡೋ ವೇಗ ಗಂಟೆಗೆ 80 ಕಿಲೋಮೀಟರ್. ಹೈವೇ ಮೇಲಿನ ಬಸ್ಸಿನ ವೇಗ. ಆ ವೇಗದಲ್ಲಿ ಕಲ್ಲು ಒಡೆದರೆ ಚೂರು ಎಲ್ಲಿಗೆ ಹೋಗ್ತಿತ್ತು? ಎದುರಿಗೆ ನಿಂತಿದ್ದ ಹುಡುಗನ ಮುಖಕ್ಕೆ. ಆ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ.

ಮರುದಿನ ಮಷೀನಿನ ಪರಿಚಯ ಮಾಡ್ಕೊಳ್ಳೋಕೆ ಕುಂತೆ. ಮೈಮೇಲಿನ ಹಿತ್ತಾಳೆ ತಗಡೇ ಅದರ ಆಧಾರ್ ಕಾರ್ಡು. ದಯವಿಟ್ಟು ಅದನ್ನ ಉಜ್ಜುಕಾಗದದಿಂದ ತಿಕ್ಕಬೇಡಿ, ಅಕ್ಷರ ಹೋದರೆ ಇತಿಹಾಸವೇ ಹೋಯ್ತು. ಮೆತ್ತನೆ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದರೆ ಸಾಕು. ನಮ್ಮದರಲ್ಲಿ ಕಂಪನಿ ಹೆಸರು ಸವೆದು ಹೋಗಿತ್ತು. ಉಳಿದದ್ದು ಇಷ್ಟು: ಅರ್ಧ ಎಚ್‌ಪಿ, 230 ವೋಲ್ಟ್, ಸಿಂಗಲ್ ಫೇಸ್, 2,850 ಸುತ್ತು, ಕೊನೆಗೆ 'ಬಾಂಬೆ', ಅದರ ಮುಂದೆ ಎರಡೇ ಎರಡು ಅಂಕಿ.

ಆ ಎರಡು ಅಂಕಿಯೇ ವಯಸ್ಸು ಹೇಳಿತು. ಆರು ಅಂಕಿಯ ಪಿನ್‌ಕೋಡ್ ನಮ್ಮ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ದೊಡ್ಡ ಊರುಗಳ ವಿಳಾಸದಲ್ಲಿ ಊರಿನ ಹೆಸರಿನ ಮುಂದೆ ಬರೇ ವಲಯದ ಅಂಕಿ ಇರ್ತಿತ್ತು. ಹೊಸ ಪದ್ಧತಿ ಬಂದ ಮೇಲೂ ಕೆಲವರು ಹಳೆ ಅಂಕಿ ಬರೀತಿದ್ದರು. ಹಾಗಾಗಿ 'ಸುಮಾರು ಐವತ್ತು ವರ್ಷದ ಮೇಲಿನದು' ಅನ್ನಬಹುದು, ಖಚಿತ ಇಸವಿ ಹೇಳೋಕಾಗಲ್ಲ. ನಿಮ್ಮ ಕೈಗೆ ಸಿಕ್ಕ ತಗಡಿನ ಮೇಲೆ 'ಮೈಸೂರು ರಾಜ್ಯ' ಅಂತಿದ್ದರೆ? ಅದು 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಹೆಸರಾಗೋದಕ್ಕೂ ಮುಂಚಿನ ವಿಳಾಸ.

ಇನ್ನೊಂದು ಮಾತು. ತಗಡಿನ ಮೇಲೆ 3 ಫೇಸ್, 400 ಅಥವಾ 440 ವೋಲ್ಟ್ ಅಂತಿದ್ದರೆ ಅದು ಮನೆಯ ಪ್ಲಗ್ಗಿಗೆ ಆಗಲ್ಲ. ರೊಕ್ಕ ಕೊಡೋಕೂ ಮೊದಲು ಇದನ್ನ ಓದ್ರಿ.

ಮೋಟಾರು ಬಿಚ್ಚಿದಾಗ ಬೇರಿಂಗು ಗರಗರ ಅಂತಿತ್ತು. ಅಂಚಿನ ಮೇಲೆ 6203 ಅಂತ ಕೊರೆದಿತ್ತು. ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ ಹೇಳ್ತದೆ: 02 ಅಂದ್ರೆ 15 ಮಿಲಿಮೀಟರ್, 03 ಅಂದ್ರೆ 17. ಮುಂದೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದ್ರೆ ರಬ್ಬರಿನದು. ಕಂಪನಿ ಹೆಸರು ಅಳಿಸಿದ್ದರೂ ಪರವಾಗಿಲ್ಲ, ಈ ನಂಬರು ಹೇಳಿದರೆ ಅಂಗಡಿಯವರು ಅದೇ ಅಳತೆಯದು ಕೊಡ್ತಾರೆ.

ಬೆಳಗಾವಿ ಸೀಮೆಗೆ ಯಂತ್ರದ ಕೆಲಸ ಹೊಸದಲ್ಲ. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆಗೆದರು. ಆಮೇಲೆ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯ್ತು, ಆದರೆ ಕಬ್ಬಿಣದ ಕಸುಬು ಬೆಳಗಾವಿ ಬಿಟ್ಟು ಹೋಗಲಿಲ್ಲ. ಇವತ್ತಿಗೂ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಲೇಥ್‌ಗಳಿವೆ. ನಮ್ಮ ಗುಜರಿ ಅಂಗಡಿಗಳಲ್ಲಿ ಇಂಥ ಮಷೀನು ಸಿಗೋದು ಅದಕ್ಕೇ.

ವೈಂಡಿಂಗನ್ನ ಕಾಕಾ ಮೆಗ್ಗರ್ ಹಚ್ಚಿ ನೋಡಿ 'ಗಟ್ಟಿ ಐತಿ' ಅಂದರು. ಬಟ್ಟೆ ಸುತ್ತಿದ ಹಳೆ ವೈರ್ ತೆಗೆದು ಮೂರೆಳೆಯ ಹೊಸ ಕೇಬಲ್ ಹಾಕಿದ್ವಿ, ಅರ್ಥಿಂಗ್ ಎಳೆಯನ್ನ ಮೈಯ ಕಬ್ಬಿಣಕ್ಕೆ ಬಿಗಿದ್ವಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೇ ಒಣಗಿದ್ದಾಗ ಉಜ್ಜದೆ ನೀರು ಹಚ್ಚಿ ಉಜ್ಜಿದ್ವಿ.

ಕಲ್ಲು ಮಾತ್ರ ಎರಡೂ ಹೊಸವು. 'ಠಣ್' ಅಂದಿದ್ದನ್ನೂ ತೆಗೆದೆ, ಯಾಕಂದ್ರೆ ಅದರ ಮೇಲಿನ ಚೀಟಿ ಹೋಗಿತ್ತು. ಎಷ್ಟು ಸುತ್ತಿನ ತನಕ ತಡೀತದೆ ಅಂತ ಬರೆದಿರೋದು ಆ ಚೀಟಿಯಲ್ಲೇ. ಆ ಅಂಕಿ ಮೋಟಾರಿನ ಸುತ್ತಿಗಿಂತ ಹೆಚ್ಚಿರಬೇಕು. ಎ 36, ಎ 60 ಅಂತಲೂ ಬರೆದಿರ್ತದೆ. 'ಎ' ಅಂದ್ರೆ ಉಕ್ಕಿಗೆ ಆಗೋ ಕಲ್ಲು. ಅಂಕಿ ಸಣ್ಣದಿದ್ದಷ್ಟೂ ಕಲ್ಲು ಒರಟು. ಅಲ್ಯೂಮಿನಿಯಮ್ ತಾಗಿಸಬೇಡಿ, ಕಲ್ಲಿನ ಮೈ ಕಟ್ಟಿಕೊಳ್ತದೆ.

ಕೂರಿಸುವಾಗ ಕಲ್ಲಿಗೂ ಫ್ಲೇಂಜಿಗೂ ನಡುವೆ ರಟ್ಟಿನ ಬಿಲ್ಲೆ ಇರಲೇಬೇಕು. ಬಡಿದು ಕೂರಿಸಬಾರದು. ನಟ್ಟು ಅತಿಯಾಗಿ ಬಿಗಿಯಬಾರದು. ಕುಡುಗೋಲು ಆನಿಸೋ ಪಟ್ಟಿಗೂ ಕಲ್ಲಿಗೂ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಬೇಡ. ಕಲ್ಲು ಸವೆದ ಹಾಗೆ ಪಟ್ಟಿಯನ್ನ ಹತ್ತಿರ ತರ್ತಾ ಇರಬೇಕು, ಇಲ್ಲಾಂದ್ರೆ ಅಲಗು ಸಂದಿಗೆ ಸಿಕ್ಕು ಕಲ್ಲು ಒಡೀತದೆ.

ಸ್ವಿಚ್ ಹಾಕಿದ ದಿನ ಎಲ್ಲರೂ ಮಷೀನಿನ ಪಕ್ಕಕ್ಕೆ ನಿಂತ್ವಿ, ಎದುರಿಗೆ ಯಾರೂ ಇಲ್ಲ. ಒಂದು ನಿಮಿಷ ಖಾಲಿ ಓಡಿಸಿದ್ವಿ. ಸದ್ದು ಒಂದೇ ಸಮ, ನಡುಕ ಇಲ್ಲ. ಆಮೇಲೆ ಕಣ್ಣಿಗೆ ಗಾಗಲ್ ಹಾಕ್ಕೊಂಡು ಅವ್ವನ ಕುಡುಗೋಲು ಹಿಡಿದೆ. ನಡುನಡುವೆ ನೀರಲ್ಲಿ ಅದ್ದಿದೆ, ಯಾಕಂದ್ರೆ ಅಲಗು ಕಾದು ನೀಲಿಯಾದರೆ ಹದ ಹೋಯ್ತು ಅಂತಲೇ ಅರ್ಥ.

ಅವ್ವ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ಈಳಿಗಿ ತಂದು ಮುಂದಿಟ್ಟಳು. ಅಣ್ಣನ ಮಗನಿಗೂ ಒಂದು ಗಾಗಲ್ ತಂದೀನಿ. ಅವನು ನಿಲ್ಲೋ ಜಾಗಕ್ಕೆ ಸುಣ್ಣದ ಗೆರಿ ಹಾಕೀನಿ.

ರಿಪೇರಿಗೆ 1,600 ಹಿಡೀತು, ಒಟ್ಟು 3,000. ಐವತ್ತು ವರ್ಷದ ಮೋಟಾರು, ಮೈ, ಶಾಫ್ಟು ಎಲ್ಲಾ ನಂಬಬಹುದು, ಬಿಚ್ಚಿ ನೋಡಿದ ಮೇಲೆ. ಕಲ್ಲಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ನಿಮ್ಮ ಮನೆ ಅಟ್ಟದ ಮೇಲೋ, ಗುಜರಿಯಲ್ಲೋ ಇಂಥದ್ದು ಸಿಕ್ಕರೆ ಮೊದಲು ಪ್ಲಗ್ ಕಿತ್ತು ಕಲ್ಲು ಬಾರಿಸಿ. ಅದು ಏನು ಹೇಳ್ತದೋ ಕೇಳಿ, ಆಮೇಲೆ ಸ್ವಿಚ್ಚು.