ಡೈ ಸೆಟ್ ಕೊಳ್ಳೋ ಮುಂಚೆ ನಡುವಿನ ಡೈ ನೋಡಿ

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಮೆರಿಕದ ಒಹಾಯೋದಲ್ಲಿರೋ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ಅಲ್ಲಿ ಸಿಟಿಜನ್ ಆಗಿ ಬಹಳ ವರ್ಷ ಆಯ್ತು. ಗ್ಯಾರೇಜಿನಲ್ಲಿ ಒಂದು ಮರದ ಮೇಜು, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಒಂದು ಹ್ಯಾಂಡ್ ಪ್ರೆಸ್. ಭಾನುವಾರ ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿದವರೇ ಅಲ್ಲಿ ಹೋಗಿ ಕೂತ್ಕೊಂಡು ತಮ್ಮ .38 ಸ್ಪೆಷಲ್ ರಿವಾಲ್ವರಿಗೆ ತೋಟೆ ತುಂಬ್ತಾರೆ. ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯೋದು ಅವರ ಹವ್ಯಾಸ. (ತೋಟೆ ಅಂದ್ರೆ ಕಾರ್ಟ್ರಿಡ್ಜ್. ಮಲೆನಾಡು, ಕೊಡಗಿನವರಿಗೆ ನಾನೇನು ಹೇಳಿಕೊಡಬೇಕಾಗಿಲ್ಲ.)

ನಾನು ಬಿ.ಕಾಂ. ಹುಡುಗ. ಬಂದೂಕಿಗಿಂತ ಮೊದಲು ನನಗೆ ಕಂಡದ್ದು ಕಾಸ್ಟ್ ಶೀಟ್. ಒಂದು ತೋಟೆಯಲ್ಲಿ ನಾಲ್ಕು ಐಟಂ: ಹಿತ್ತಾಳೆ ಕೇಸು, ಪ್ರೈಮರ್, ಮದ್ದು, ಗುಂಡು. ಹಾರಿಸಿದ ಮೇಲೆ ಉಳಿಯೋದು ಹಿತ್ತಾಳೆ ಒಂದೇ, ಅದನ್ನ ಎಷ್ಟೋ ಸಲ ಮತ್ತೆ ಬಳಸಬಹುದು. ಇನ್ನು ತಾಮ್ರದ ಜಾಕೆಟ್ ಇರೋ ಗುಂಡಿನ ಬದಲು ಸೀಸದ ಎರಕದ ಗುಂಡು ತಗೊಂಡ್ರೆ ಖರ್ಚು ಇನ್ನೂ ಇಳಿಯುತ್ತೆ. ಚಿಕ್ಕಪ್ಪ ಮಾಡಿದ್ದೂ ಅದೇ. ಅಗ್ಗಕ್ಕೆ ಸಿಗುತ್ತೆ ಅಂತ ಎರಕದ ಗುಂಡು ಡಬ್ಬಗಟ್ಟಲೆ ತರಿಸಿದ್ರು. ಡೈ ಸೆಟ್ ಮಾತ್ರ ಹಳೇದೇ, ಜಾಕೆಟ್ ಗುಂಡಿಗೆ ಅಂತ ಕೊಂಡಿದ್ದು.

ಡೈ ಅಂದ್ರೆ ಅಚ್ಚು. ಚಕ್ಕುಲಿ ಒರಳಿಗೆ ಹಾಕೋ ಬಿಲ್ಲೆ ಇದೆಯಲ್ಲ, ಅದೇ ಜಾತಿ. ರಿವಾಲ್ವರ್ ತೋಟೆಗೆ ಸಾಮಾನ್ಯವಾಗಿ ಮೂರು ಡೈ ಇರುತ್ತೆ. ಮೊದಲನೇದು, ಹಾರಿಸಿ ಉಬ್ಬಿದ ಹಿತ್ತಾಳೆಯನ್ನ ಒತ್ತಿ ಹಳೇ ಅಳತೆಗೆ ತರುತ್ತೆ, ಹಳೇ ಪ್ರೈಮರನ್ನೂ ಹೊರಗೆ ತಳ್ಳುತ್ತೆ. ಎರಡನೇದು ಕೇಸಿನ ಬಾಯಿ ಅಗಲಿಸುತ್ತೆ. ಮೂರನೇದು ಗುಂಡನ್ನ ಕೂರಿಸಿ ಬಾಯಿ ಮಡಿಸುತ್ತೆ. ಈ ಮಡಿಕೆಗೆ ಕ್ರಿಂಪ್ ಅಂತಾರೆ.

ಚಿಕ್ಕಪ್ಪನ ಗೋಳು ಶುರುವಾಗಿದ್ದು ಎರಡನೇ ವಾರಕ್ಕೆ. ನಳಿಗೆ ಒಳಗೆಲ್ಲ ಸೀಸ ಬಳಿದುಕೊಂಡಿತ್ತು. ಗುರಿ ಎಲ್ಲೆಲ್ಲೋ ಹೋಗ್ತಿತ್ತು. ಉಜ್ಜಿ ಉಜ್ಜಿ ಅವರ ರಟ್ಟೆ ಬಿದ್ದುಹೋಯ್ತು. ಗುಂಡು ಮೆತ್ತಗಿದೆ ಅಂದ್ಕೊಂಡು ಗಟ್ಟಿ ಮಿಶ್ರಲೋಹದ್ದು ತರಿಸಿದ್ರು. ಹೆಚ್ಚೇನೂ ಬದಲಾಗಲಿಲ್ಲ. ಗುಂಡಿಗೆ ಸವರೋ ಲೂಬ್ ಬದಲಾಯಿಸಿದ್ರು. ಅದೂ ಆಗಲಿಲ್ಲ. "ಉಳಿಸೋಕೆ ಅಂತ ಹೋಗಿ ಎರಡರಷ್ಟು ಖರ್ಚು ಮಾಡ್ದೆ ಕಣೋ. ರಿವಾಲ್ವರೇ ಮಾರಿಬಿಡೋಣ ಅನ್ನಿಸಿತ್ತು" ಅಂದ್ರು.

ಬಿಡಿಸಿದ್ದು ರೇಂಜಿಗೆ ಬರೋ ಒಬ್ಬ ಮುದುಕ. ಅವನು ಗುಂಡಿನ ಬಗ್ಗೆ ಕೇಳಲೇ ಇಲ್ಲ. "ಒಂದು ಡಮ್ಮಿ ಮಾಡ್ಕೊಂಡು ಬಾ" ಅಂದ. ಅಂದ್ರೆ ಪ್ರೈಮರ್ ಇಲ್ಲ, ಮದ್ದಿಲ್ಲ, ಬರೀ ಕೇಸು ಮತ್ತು ಗುಂಡು. ಅದರಿಂದ ಗುಂಡನ್ನ ಮತ್ತೆ ಹೊರಗೆ ಕಿತ್ತು ಮೈಕ್ರೋಮೀಟರಿನಲ್ಲಿ ಅಳೆದ. ಡಬ್ಬದಲ್ಲಿದ್ದಾಗ 0.358 ಇಂಚು. ಕೇಸಿನೊಳಗೆ ಹೋಗಿ ಬಂದ ಮೇಲೆ ಬುಡದಲ್ಲಿ 0.356.

ಎರಡು ಸಾವಿರಾಂಶ ಇಂಚು. ಒಂದು ತಲೆಕೂದಲಿನ ದಪ್ಪದ ಹತ್ತಿರ. ಅಷ್ಟಕ್ಕೇ ಇಷ್ಟೆಲ್ಲ.

ಯಾಕೆ ಅಂತ ಕೇಳಿ. .38 ಸ್ಪೆಷಲಿನಲ್ಲಿ ಜಾಕೆಟ್ ಗುಂಡು 0.357 ಇಂಚು. (ಹೆಸರಲ್ಲಿ 38 ಯಾಕಿದೆ ಅಂದ್ರೆ ಅದು ಕೇಸಿನ ಹೊರಗಿನ ಅಳತೆಯಿಂದ ಬಂದ ಹಳೇ ಲೆಕ್ಕ.) ಎರಕದ ಗುಂಡು ಸಾಮಾನ್ಯವಾಗಿ 0.358, ಬೇಕಂತಲೇ ಒಂದು ಕೂದಲು ದಪ್ಪ. ಸಿಲಿಂಡರಿನ ಬಾಯಿಯನ್ನೂ ನಳಿಗೆಯನ್ನೂ ಅದು ಬಿಗಿಯಾಗಿ ತುಂಬಬೇಕು. ಸಂದು ಉಳಿದ್ರೆ ಬಿಸಿ ಗ್ಯಾಸ್ ಪಕ್ಕದಿಂದ ನುಗ್ಗುತ್ತೆ, ಸೀಸವನ್ನ ಕೊರೆದು ನಳಿಗೆಗೆ ಬಳಿಯುತ್ತೆ. ಜಾಕೆಟ್ ಗುಂಡಿಗೆ ಮಾಡಿದ ಎರಡನೇ ಡೈ ಕೇಸಿನ ಬಾಯನ್ನ ಅಷ್ಟೊಂದು ಅಗಲಿಸಲ್ಲ. ತಾಮ್ರ ಗಟ್ಟಿ, ಅದು ಹಿತ್ತಾಳೆಯನ್ನೇ ತಳ್ಳಿಕೊಂಡು ಒಳಗೆ ಹೋಗುತ್ತೆ. ಸೀಸ ಹಾಗಲ್ಲ, ಅದೇ ಸೋಲುತ್ತೆ. ನೀವು ದುಡ್ಡು ಕೊಟ್ಟು ತಂದ 0.358 ಗುಂಡನ್ನ ನಿಮ್ಮ ಕೇಸೇ ಹಿಸುಕಿ ಸಣ್ಣ ಮಾಡಿರುತ್ತೆ. ಹೊರಗಿಂದ ನೋಡಿದ್ರೆ ಗೊತ್ತಾಗೋದೇ ಇಲ್ಲ.

ಹಾಗಾಗಿ ಡೈ ಸೆಟ್ ಆರಿಸುವಾಗ ಎಲ್ಲರೂ ಮೊದಲನೇ ಡೈ ಬಗ್ಗೆ ಕೇಳ್ತಾರೆ, ನಾನು ಎರಡನೇದನ್ನ ಕೇಳಿ ಅಂತೀನಿ. ಮೊದಲನೇದರಲ್ಲಿ ನಿರ್ಧಾರ ಸುಲಭ: ಕಾರ್ಬೈಡ್ ರಿಂಗ್ ಇರೋದು ತಗೊಳ್ಳಿ, ಕೇಸಿಗೆ ಎಣ್ಣೆ ಹಚ್ಚೋ ಕೆಲಸ ತಪ್ಪುತ್ತೆ. ಎರಡನೇದರಲ್ಲಿ ಮೆಟ್ಟಿಲು ಥರ ಎರಡು ಅಳತೆಯ ಎಕ್ಸ್‌ಪ್ಯಾಂಡರ್ ಇರಬೇಕು. ಲೈಮನ್ ಕಂಪನಿಯ 'ಎಂ' ಡೈ ಇದಕ್ಕೆ ಹೆಸರುವಾಸಿ. ಕೆಳಗಿನ ಭಾಗ ಕೇಸನ್ನ ಗುಂಡಿಗಿಂತ ಸ್ವಲ್ಪವೇ ಕಡಿಮೆ ಅಳತೆಗೆ ಅಗಲಿಸುತ್ತೆ. ಮೇಲಿನ ಮೆಟ್ಟಿಲು ಬಾಯನ್ನ ಗುಂಡಿಗಿಂತ ಒಂಚೂರು ದೊಡ್ಡದು ಮಾಡುತ್ತೆ, ಗುಂಡು ನೆಟ್ಟಗೆ ಕೂರುತ್ತೆ, ಅಂಚಿಗೆ ತಾಗಿ ಸೀಸ ಹೆರೆಯಲ್ಲ. ಆದ್ರೆ ಅತಿ ಮಾಡಬೇಡಿ. ಜಾಸ್ತಿ ಅಗಲಿಸಿದ್ರೆ ಗುಂಡಿಗೆ ಹಿಡಿತ ಇರಲ್ಲ, ಹಿತ್ತಾಳೆಯ ಬಾಯಿ ಬೇಗ ಬಿರುಕು ಬಿಡುತ್ತೆ.

ಇನ್ನೊಂದು ಗುಂಡಿ ಇದೆ, ಚಿಕ್ಕಪ್ಪ ಸ್ವಲ್ಪದರಲ್ಲೇ ತಪ್ಪಿಸಿಕೊಂಡ್ರು. ನಾಲ್ಕನೇ ಡೈ ಅಂತ ಕ್ರಿಂಪಿಗೆ ಬೇರೆಯೇ ಕೊಳ್ಳಬಹುದು, ಅದು ಒಳ್ಳೇದೇ. ಕೂರಿಸೋದು, ಮಡಿಸೋದು ಎರಡೂ ಒಂದೇ ಏಟಿಗೆ ಮಾಡಿದ್ರೆ ಗುಂಡು ಇನ್ನೂ ಇಳೀತಿರುವಾಗಲೇ ಅಂಚು ಮಡಚಿಕೊಂಡು ಸೀಸ ಕೆತ್ತುತ್ತೆ. ಆದ್ರೆ ಕೆಲವು ಕ್ರಿಂಪ್ ಡೈಗಳಲ್ಲಿ ಇನ್ನೊಂದು ಕಾರ್ಬೈಡ್ ರಿಂಗ್ ಇರುತ್ತೆ, ತಯಾರಾದ ತೋಟೆಯನ್ನ ಹೊರಗಿಂದ ಮತ್ತೆ ಒತ್ತುತ್ತೆ. ದಪ್ಪ ಎರಕದ ಗುಂಡಿಗೆ ಅದು ಶತ್ರು. ಒತ್ತಿದ ಮೇಲೆ ಹಿತ್ತಾಳೆ ಸ್ವಲ್ಪ ವಾಪಸ್ ಉಬ್ಬುತ್ತೆ, ಸೀಸ ಉಬ್ಬಲ್ಲ. ಗುಂಡು ಸಣ್ಣದೂ ಆಯ್ತು, ಸಡಿಲವೂ ಆಯ್ತು. ರಿಂಗ್ ಇಲ್ಲದ, ಅಂಚನ್ನ ಒಳಗೆ ಸುರುಳಿಸೋ ರೋಲ್ ಕ್ರಿಂಪ್ ಡೈ ಸಾಕು. ಎರಕದ ಗುಂಡಿನ ಮೈಮೇಲೆ ಅದಕ್ಕಂತಲೇ ಒಂದು ಕಾಲುವೆ ಇರುತ್ತೆ, ಮಡಿಕೆ ಅಲ್ಲಿ ಕೂರಬೇಕು. ಈ ಮಡಿಕೆ ರಿವಾಲ್ವರಿಗೆ ಬಹಳ ಮುಖ್ಯ. ಒಂದು ಗುಂಡು ಹಾರಿದ ಜರ್ಕಿಗೆ ಉಳಿದ ತೋಟೆಗಳ ಗುಂಡುಗಳು ಮುಂದೆ ಜರುಗಿದ್ರೆ ಸಿಲಿಂಡರ್ ತಿರುಗದೆ ನಿಂತುಬಿಡುತ್ತೆ.

ಕೂರಿಸೋ ಡೈಯಲ್ಲಿ ಗುಂಡಿನ ಮೂತಿಯ ಆಕಾರಕ್ಕೆ ಹೊಂದೋ ಸ್ಟೆಮ್ ಇದೆಯಾ ನೋಡಿಕೊಳ್ಳಿ, ಇಲ್ಲಾಂದ್ರೆ ಮೆತ್ತನೆ ಮೂತಿಗೆ ಗಾಯ. .38 ಸ್ಪೆಷಲ್ ಸೆಟ್ಟಿನಲ್ಲೇ .357 ಮ್ಯಾಗ್ನಮ್ ಕೂಡ ಮಾಡಬಹುದು, ದಪ್ಪ ಒಂದೇ, ಮ್ಯಾಗ್ನಮ್ ಕೇಸು 0.135 ಇಂಚು ಉದ್ದ ಅಷ್ಟೇ. ಎತ್ತರ ಮಾತ್ರ ಹೊಸದಾಗಿ ಹೊಂದಿಸಬೇಕು. ಎರಡು ಸೆಟ್ ಕೊಳ್ಳಬೇಡಿ.

ಯಾವ ಕಂಪನಿಯ ಸೆಟ್ ತಂದ್ರೂ ಆ ಮುದುಕನ ಪರೀಕ್ಷೆ ಮಾಡಿ. ಡಮ್ಮಿ ಮಾಡಿ, ಕ್ರಿಂಪ್ ಹಾಕಿ, ಗುಂಡು ಕಿತ್ತು ಅಳೆಯಿರಿ. ಮೈಕ್ರೋಮೀಟರಿನಲ್ಲೇ ಅಳೆಯಿರಿ, ಸಾವಿರಾಂಶದ ಲೆಕ್ಕಕ್ಕೆ ಅಗ್ಗದ ಕ್ಯಾಲಿಪರನ್ನ ನಂಬೋಕಾಗಲ್ಲ. ಒಳಗೆ ಹೋದ ಅಳತೆಯೇ ಹೊರಗೂ ಬಂದ್ರೆ ನಿಮ್ಮ ಡೈ ಸರಿ ಇದೆ.

ಈಗ ಕಾನೂನು. ಕರ್ನಾಟಕದಲ್ಲಿ ಕೂತು ಕೇಳ್ತಿರೋರು ಇದನ್ನ ಬರೀ ಕೇಳಿ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟೆ ಮಾಡೋ ಹಕ್ಕು ಬರಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋಕೆ ಬೇಕು. ಆದ್ರೆ ಎಚ್-1ಬಿ, ವಿದ್ಯಾರ್ಥಿ ವೀಸಾದಲ್ಲಿರೋ ಗೆಳೆಯರೇ, ನಿಮಗೆ ಅಲ್ಲಿ ಬಂದೂಕಷ್ಟೇ ಅಲ್ಲ, ತೋಟೆ ಇಟ್ಕೊಳ್ಳೋದೂ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಹಂಟಿಂಗ್ ಲೈಸೆನ್ಸ್ ಥರದ ಕೆಲವೇ ವಿನಾಯಿತಿ ಇವೆ. ರೂಮ್‌ಮೇಟ್ ಮೇಜಿನ ಮೇಲೆ ಕೈ ಹಾಕೋ ಮುಂಚೆ ವಕೀಲರನ್ನ ಕೇಳಿ, ವೀಸಾ ಪ್ರಶ್ನೆ ಅದು.

ಸೀಸ ವಿಷ ಅನ್ನೋದೂ ನೆನಪಿರಲಿ. ಚಿಕ್ಕಪ್ಪ ಮೊದಲು ಕಾಫಿ ಲೋಟ ಆ ಮೇಜಿನ ಮೇಲೇ ಇಡ್ತಿದ್ರಂತೆ. ಚಿಕ್ಕಮ್ಮ ಒಂದು ದಿನ ಲೋಟ ಕಿತ್ಕೊಂಡು ಹೋಗಿ ಗ್ಯಾರೇಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ: "ಕೈ ತೊಳೆದು ಒಳಗೆ ಬನ್ನಿ." ಕನ್ನಡದಲ್ಲೇ ಬರೆದಿದ್ದಾರೆ. ಹೊಸ ಎಕ್ಸ್‌ಪ್ಯಾಂಡರ್ ಬಂದ ಮೇಲೆ ನಳಿಗೆ ಉಜ್ಜೋ ಕೆಲಸ ಕಡಿಮೆಯಾಗಿದೆ, ಕೈ ತೊಳೆಯೋದು ಮಾತ್ರ ಹಾಗೇ ಇದೆ.

ಮುಂದಿನ ವಾರ ಸಿಗೋಣ.