ಸಣ್ಣ ದೂರದರ್ಶಕ ಮತ್ತು ಮಲೆನಾಡಿನ ಕತ್ತಲೆ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ಏರ್ಪಡಿಸಿದ್ದ ಆಕಾಶ ವೀಕ್ಷಣೆಯ ಸಂಜೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೃಷಿ ವಿಜ್ಞಾನಿಯೊಬ್ಬನನ್ನು ಆಕಾಶದ ಕುರಿತು ಮಾತನಾಡಲು ಕರೆದಿದ್ದೀರಿ. ಇದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ರೈತರು ಇಂದಿಗೂ ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಮೇ ತಿಂಗಳ ನಡುವೆ ಕೃತ್ತಿಕಾ ಮಳೆಯ ದಿನಗಳಲ್ಲಿ ಕೃತ್ತಿಕಾ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನು ಅದೇ ದಿಕ್ಕಿನಲ್ಲಿರುತ್ತಾನೆ. ಅದನ್ನು ಕಾಣಲು ಡಿಸೆಂಬರಿನ ರಾತ್ರಿಯೇ ಬರಬೇಕು. ಬರಿಗಣ್ಣಿಗೆ ಆರೇಳು ಚುಕ್ಕಿಗಳ ಗೊಂಚಲಾಗಿ ತೋರುವ ಅದು ವಾಸ್ತವದಲ್ಲಿ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿರುವ, ಸಾವಿರಕ್ಕೂ ಮಿಕ್ಕಿದ ನಕ್ಷತ್ರಗಳ ತಾರಾಗುಚ್ಛ.

ಮಿಕ್ಕವು ಏಕೆ ಕಾಣುವುದಿಲ್ಲ? ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಕ್ಷಣದೊಳಗೆ ಬಂದುದನ್ನು ಮಿದುಳಿಗೆ ಒಪ್ಪಿಸಿ ಬರಿದಾಗುತ್ತದೆ. ಛಾಯಾಚಿತ್ರ ಕೂಡಿಡುತ್ತದೆ. 1888ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಖಗೋಳಜ್ಞ ಐಸಾಕ್ ರಾಬರ್ಟ್ಸ್ 20 ಅಂಗುಲದ ದರ್ಪಣದ ದೂರದರ್ಶಕದಿಂದ ಆಂಡ್ರೊಮೆಡ ಗ್ಯಾಲಕ್ಸಿಯ, ಅಂದರೆ ನಮ್ಮ ದೇವಯಾನಿಯ, ಚಿತ್ರ ತೆಗೆದಾಗ ಯಾವ ಕಣ್ಣೂ ಸ್ಪಷ್ಟವಾಗಿ ಕಂಡಿರದ ಸುರುಳಿಯ ರಚನೆ ಗಾಜಿನ ಫಲಕದ ಮೇಲೆ ಮೂಡಿತು. ಅದು ಬೇರೆಯೇ ಒಂದು ನಕ್ಷತ್ರಲೋಕ, ನಮ್ಮ ಆಕಾಶಗಂಗೆಯ ಹೊರಗಿದೆ ಎಂಬುದು ತಿಳಿದದ್ದು 1923ರಲ್ಲಿ ಎಡ್ವಿನ್ ಹಬಲ್ ತೆಗೆದ ಫಲಕಗಳಿಂದ. ಇಂದಿನ ಲೆಕ್ಕದಂತೆ ಅದರ ದೂರ 25 ಲಕ್ಷ ಜ್ಯೋತಿರ್ವರ್ಷ.

ಆ ಕೆಲಸಕ್ಕೆ ಇಂದು 50 ಮಿಲಿಮೀಟರ್ ಮಸೂರವೂ ಸಾಕು. 2023ರಲ್ಲಿ ಸೀಸ್ಟಾರ್ ಎಂಬ ಪುಟ್ಟ ಉಪಕರಣ ಸುಮಾರು 500 ಡಾಲರ್ ಬೆಲೆಗೆ ಬಂದಿತು. ದೂರದರ್ಶಕ, ಕ್ಯಾಮೆರಾ, ತಿರುಗಿಸುವ ಮೋಟಾರು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಕಡಿಮೆ ಹಣವೇನಲ್ಲ; ಆದರೆ ಹೊಸ ಬೈಕಿಗಿಂತ ಅಗ್ಗ, ಒಂದು ಶಾಲೆ ಅಥವಾ ಸಂಘ ಕೂಡಿ ಕೊಳ್ಳಬಹುದಾದದ್ದು.

ಇದರ ಒಳಗುಟ್ಟು ನನಗೆ ಹೊಸದೆನಿಸಲಿಲ್ಲ. ಕೃಷಿ ಪ್ರಯೋಗದಲ್ಲಿ ಒಂದು ತಳಿಯನ್ನು ಒಂದೇ ಮಡಿಯಲ್ಲಿ ಬೆಳೆದು ಯಾರೂ ತೀರ್ಮಾನಿಸುವುದಿಲ್ಲ. ಹಲವು ಮಡಿಗಳಲ್ಲಿ ಪುನರಾವರ್ತಿಸಿ ಸರಾಸರಿ ತೆಗೆಯುತ್ತೇವೆ. ಮಣ್ಣಿನ ಏರುಪೇರು ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ, ತಳಿಯ ಗುಣ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. 10 ಸೆಕೆಂಡಿನ ಒಂದು ಚಿತ್ರದಲ್ಲಿ ಗ್ಯಾಲಕ್ಸಿಯ ಮಸುಕು ಅಂಚೂ ಯಾದೃಚ್ಛಿಕ ಗದ್ದಲವೂ ಬೆರೆತಿರುತ್ತವೆ. ಅಂತಹ 100 ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂಡಿಸಿದರೆ ಗ್ಯಾಲಕ್ಸಿಯ ಬೆಳಕು 100 ಪಟ್ಟಾಗುತ್ತದೆ, ಗದ್ದಲ 10 ಪಟ್ಟು ಮಾತ್ರ. 360 ಚಿತ್ರಗಳಿಗೆ ಒಂದು ಗಂಟೆ. ತಾಳ್ಮೆ ಇದ್ದವರಿಗೆ ದೊಡ್ಡ ಮಸೂರದ ಕೊರತೆ ಅಷ್ಟಾಗಿ ಬಾಧಿಸದು.

ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಅದನ್ನು ಹಿಂಬಾಲಿಸಬೇಕು. ಹಳೆಯ ಕ್ರಮದಲ್ಲಿ ಉಪಕರಣದ ಅಕ್ಷವನ್ನು ಧ್ರುವನಕ್ಷತ್ರದತ್ತ ನಿಲ್ಲಿಸಬೇಕಿತ್ತು. ಪುಸ್ತಕಗಳು ಇದನ್ನು ಸುಲಭವೆಂದು ಬರೆಯುತ್ತವೆ. ಅವನ್ನು ಬರೆದವರು ಅಡಿಕೆ ತೋಟದಲ್ಲಿ ನಿಂತವರಲ್ಲ! ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿಯಾದುದರಿಂದ ಧ್ರುವ ದಿಗಂತದಿಂದ ಅಷ್ಟೇ ಎತ್ತರ. ಉತ್ತರಕ್ಕೊಂದು ಗುಡ್ಡವಿದ್ದರೆ ಮುಗಿಯಿತು. ಹೊಸ ಉಪಕರಣಗಳು ತಾವು ತೆಗೆದ ಚಿತ್ರದ ನಕ್ಷತ್ರಗಳನ್ನು ನಕಾಶೆಯೊಡನೆ ಹೋಲಿಸಿ ದಿಕ್ಕು ತಿಳಿಯುವುದರಿಂದ ಈ ತೊಡಕು ತಪ್ಪಿದೆ. ಇಬ್ಬನಿ ಮಾತ್ರ ಬಿಡುವುದಿಲ್ಲ. ಮಸೂರಕ್ಕೆ ಬಿಸಿಪಟ್ಟಿ ಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಗಾಜಿಗೂ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲವನ್ನೂ ಹಣ ಕೊಟ್ಟು ಪಡೆಯಬಹುದು. ಕತ್ತಲೆಯನ್ನಲ್ಲ. ಆಕಾಶದ ಹಿನ್ನೆಲೆ 10 ಪಟ್ಟು ಬೆಳಗಿದರೆ ಅದೇ ಗುಣಮಟ್ಟದ ಚಿತ್ರಕ್ಕೆ ಸುಮಾರು 10 ಪಟ್ಟು ಹೊತ್ತು ಬೇಕು. ಹಿನ್ನೆಲೆಯ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆಯಬಹುದು, ಅದು ತಂದ ಗದ್ದಲವನ್ನು ಕಳೆಯಲಾಗದು. ಇಲ್ಲಿ ಒಂದು ಗಂಟೆಯಲ್ಲಿ ಸಿಗುವುದಕ್ಕೆ ನಗರದ ಹವ್ಯಾಸಿಗಳು ಹಲವು ರಾತ್ರಿ ಕೂಡುತ್ತಾರೆ. ನಾವಾದರೋ ಎತ್ತರದ ಕಂಬದ ಬಿಳಿಯ ಎಲ್‌ಇಡಿ ದೀಪಗಳನ್ನು ಅಭಿವೃದ್ಧಿಯ ಗುರುತೆಂದು ಅರ್ಜಿ ಹಾಕಿ ತರಿಸುತ್ತಿದ್ದೇವೆ. ಅವುಗಳಲ್ಲಿ ನೀಲಿಯ ಅಂಶ ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಮಿಂಚುಹುಳಗಳು ಜೊತೆಗಾರರನ್ನು ಕರೆಯುವುದು ಮಿನುಗಿನಿಂದ. ಆ ಸಂಕೇತವೂ ಇಂತಹ ಬೆಳಕಿನಲ್ಲಿ ಮುಳುಗುತ್ತದೆ.

ದೀಪವೇ ಬೇಡವೆಂದು ನಾನು ಹೇಳುತ್ತಿಲ್ಲ. ಕಾಡುಹಂದಿ, ಹಾವುಗಳ ನಡುವೆ ಬದುಕುವವರಿಗೆ ಹಾಗೆ ಉಪದೇಶಿಸುವುದು ಅನ್ಯಾಯ. ಬೆಳಕು ನೆಲಕ್ಕೆ ಬೀಳಲಿ, ಮುಗಿಲಿಗಲ್ಲ: ಮೇಲ್ಗಡೆ ಮುಚ್ಚಳ, ಹಳದಿ ಛಾಯೆಯ ಬಲ್ಬು, ಬೇಡದ ಹೊತ್ತಿನಲ್ಲಿ ಆರಿಸುವ ಸ್ವಿಚ್ಚು. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲಾಕಾಶ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿರುವುದು ಅಲ್ಲಿಯೇ. ಸುತ್ತಲಿನ ಹಳ್ಳಿಯವರು ತರಬೇತಿ ಪಡೆದು ಸಣ್ಣ ದೂರದರ್ಶಕಗಳಿಂದ ಪ್ರವಾಸಿಗರಿಗೆ ಆಕಾಶ ತೋರಿಸುತ್ತಾರೆ. ಕತ್ತಲೆಯಿಂದ ಅವರಿಗೆ ಆದಾಯವೂ ಇದೆ.

ನಮಗೆ ಇನ್ನೊಂದು ಅನುಕೂಲವಿದೆ. ಆಕಾಶದ ಅತಿ ದೊಡ್ಡ ಗೋಳಾಕಾರದ ತಾರಾಗುಚ್ಛ ಒಮೆಗಾ ಸೆಂಟಾರಿ ಇಂಗ್ಲೆಂಡಿನಿಂದ ಕಾಣುವುದೇ ಇಲ್ಲ. ರಾಬರ್ಟ್ಸರ ಊರಿನಲ್ಲಿ ಅದು ಉದಯಿಸದು. ಸುಮಾರು 17,000 ಜ್ಯೋತಿರ್ವರ್ಷ ದೂರದ, ಕೋಟಿಯಷ್ಟು ನಕ್ಷತ್ರಗಳ ಆ ಮುದ್ದೆ ಏಪ್ರಿಲ್ ತಿಂಗಳ ನಡುರಾತ್ರಿ ನಮ್ಮ ದಕ್ಷಿಣದಲ್ಲಿ ಸುಮಾರು 28 ಡಿಗ್ರಿ ಮೇಲಿರುತ್ತದೆ. ಕೆಲವೇ ನಿಮಿಷಗಳ ಚಿತ್ರ ಸಾಕು, ಹುಡಿಸಕ್ಕರೆ ಚೆಲ್ಲಿದಂತೆ ಮೂಡುತ್ತದೆ. ದೇವಯಾನಿ ನವೆಂಬರಿನ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ನೆತ್ತಿಯಿಂದ ಉತ್ತರಕ್ಕೆ. ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲವಿರುವುದರಿಂದ ಪುಟ್ಟ ಉಪಕರಣದ ಒಂದು ಚೌಕಟ್ಟಿನಲ್ಲಿ ಹಿಡಿಸದು, ತುಂಡುಗಳನ್ನು ಜೋಡಿಸಬೇಕು.

ವಿದ್ಯಾರ್ಥಿಗಳು ಉಪಕರಣಕ್ಕಾಗಿ ಕಾಯಬೇಕಾಗಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಪ್ರತಿ ಅಮಾವಾಸ್ಯೆಯಂದು ನಿಮ್ಮ ಅಂಗಳದಲ್ಲಿ ಕಾಲು ಗಂಟೆ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಂಡವೆಂದು ದಿನಾಂಕದೊಡನೆ ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ದೀಪದ ಮಾತು ಬಂದಾಗ ಆ ಪುಸ್ತಕ ನಮ್ಮ ಕೈಯಲ್ಲಿರಲಿ.